ಯುಗಾದಿಗೆ ಬರುವ ಮೊದಲು

ಕೋಥ್ರುಡ್, ಪುಣೆ

ಪೂಜ್ಯ ಅವ್ವನಿಗೆ ನಮಸ್ಕಾರಗಳು.

ಯುಗಾದಿಗೆ ನಾವಿಬ್ಬರೂ ಧಾರವಾಡಕ್ಕೆ ಬರುತ್ತೇವೆ. ಅದಕ್ಕೆ ಮೊದಲು, ಫೋನಿನಲ್ಲಿ ಹೇಳಲು ಬಾಯಿ ಬಾರದ ಒಂದು ಸಂಗತಿಯನ್ನು ಬರೆಯುತ್ತಿದ್ದೇನೆ.

ದೀಪಾವಳಿಯಲ್ಲಿ ಕಾಕು ನಿನ್ನ ಸೊಸೆಯನ್ನು ನೋಡಿ, ‘ಪುಣೆಯ ನೀರು ಚೆನ್ನಾಗಿ ಮೈಗೆ ಹತ್ತಿದೆ’ ಎಂದಾಗ ಎಲ್ಲರೂ ನಕ್ಕರು. ನೀನೂ ನಕ್ಕೆ, ಅವಳೂ ನಕ್ಕಳು. ಅಲ್ಲಿಗೇ ಮುಗಿಯಬೇಕಿದ್ದ ಆ ಮಾತನ್ನು ಇಲ್ಲಿಗೆ ಹೊತ್ತು ತಂದವನು ನಾನು. ಒಂದು ರಾತ್ರಿ ಅವಳು ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿದ್ದಾಗ ತಮಾಷೆಗೆಂದು ಅದನ್ನೇ ಆಡಿದೆ. ಅವಳು ಮುನಿಸಿಕೊಂಡಾಗ ಸುಮ್ಮನಿರದೆ, ನಮ್ಮ ದೇಶದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 23 ದಾಟಿದರೆ ಅತಿತೂಕವೆಂದು ವೈದ್ಯರು ಎಣಿಸುತ್ತಾರೆ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಸಮರ್ಥಿಸಿಕೊಂಡೆ. ಅಂಕಿ ಸುಳ್ಳಲ್ಲ, ಆದರೆ ಉಣ್ಣುತ್ತಿರುವವಳ ಎದುರು ಗಂಡ ಹೇಳುವ ಮಾತು ಅದಾಗಿರಲಿಲ್ಲ.

ಅಂದಿನಿಂದ ಅವಳು ‘ನನ್ನ ಊಟ ಆಯಿತು’ ಎನ್ನುತ್ತ ನನ್ನೊಡನೆ ಊಟಕ್ಕೆ ಕೂಡುವುದನ್ನೇ ಬಿಟ್ಟಳು. ಭಾನುವಾರ ಬೆಳಿಗ್ಗೆ ಇಬ್ಬರೂ ಹರಟುತ್ತ ವೇತಾಳ ಟೇಕಡಿ ಎಂಬ ಇಲ್ಲಿನ ಗುಡ್ಡ ಹತ್ತುತ್ತಿದ್ದ ರೂಢಿ ತಪ್ಪಿತು. ಏದುಸಿರು ಬಿಡುವುದನ್ನು ನಾನು ನೋಡಬಾರದಂತೆ. ಫೋಟೋ ತೆಗೆಯಹೋದರೆ ನನ್ನ ಬೆನ್ನ ಹಿಂದೆ ಸರಿಯುತ್ತಾಳೆ. ಇನ್ನೂ ಕೆಲವನ್ನು ತಾಯಿಗೆ ಬರೆಯಲಾಗದು. ತೂಕವಂತೂ ಇಳಿದಿಲ್ಲ, ನಾಚಿಕೆಯಿಂದ ನಡಿಗೆ ನಿಂತ ಮೇಲೆ ಇಳಿಯುವುದಾದರೂ ಹೇಗೆ?

ಅಮೆರಿಕದ ಮಿನೆಸೋಟದಲ್ಲಿ ಶಾಲೆಯ ದಿನಗಳಿಂದ ತರುಣ ತರುಣಿಯರನ್ನು ವರ್ಷಗಟ್ಟಲೆ ಗಮನಿಸಿದ ‘ಪ್ರಾಜೆಕ್ಟ್ ಈಟ್’ ಎಂಬ ಅಧ್ಯಯನದ ಬಗ್ಗೆ ಓದಿದೆ. ಸಂಗಾತಿಯುಳ್ಳವರಲ್ಲಿ ಐವರಲ್ಲೊಬ್ಬರಿಗಿಂತ ಹೆಚ್ಚು ಮಂದಿ, ಹೆಣ್ಣುಮಕ್ಕಳ ಹಾಗೆಯೇ ಗಂಡುಮಕ್ಕಳು ಕೂಡ, ತಮ್ಮ ಸಂಗಾತಿಯಿಂದಲೇ ತೂಕದ ಬಗ್ಗೆ ನೋಯಿಸುವ ಮಾತು ಕೇಳಿದ್ದಾಗಿ ಹೇಳಿದ್ದರಂತೆ. ಗಂಡಸರ ವಿಷಯ ನನಗೆ ಆಶ್ಚರ್ಯವೆನಿಸಲಿಲ್ಲ. ಇಲ್ಲಿನ ಗೆಳೆಯರು ಸಲುಗೆಯಿಂದ ನನ್ನನ್ನು ‘ಜಾಡ್ಯಾ’ ಎನ್ನುತ್ತಾರೆ. ಮರಾಠಿಯಲ್ಲಿ ದಪ್ಪನೆಯವನು ಎಂದಷ್ಟೇ ಅರ್ಥ, ನಮ್ಮ ಕಿವಿಗೆ ಮಾತ್ರ ಅದು ರೋಗದ ಹೆಸರು! ನನ್ನ ಹೊಟ್ಟೆಯನ್ನು ದಿನವೂ ಕಾಣುವ ಅವಳು ಒಮ್ಮೆಯೂ ಹಾಗೆ ಕರೆದವಳಲ್ಲ.

ತಪ್ಪಾಯಿತೆಂದು ಅವಳಿಗೆ ಹೇಳಿದ್ದೇನೆ. ಕಳೆದ ಭಾನುವಾರ ಟೇಕಡಿಗೆ ಬಂದಳು, ಅರ್ಧ ದಾರಿಯವರೆಗೆ. ಕಾಕುವಿಗೆ ನೀನೇ ಮೆಲ್ಲಗೆ ತಿಳಿಸಬೇಕು. ನಾನು ಹೇಳಿದರೆ ಹೆಂಡತಿ ಹೇಳಿಸಿದಳು ಎಂದಾರು. ಹಬ್ಬದ ದಿನ ಅವಳನ್ನು ನಿನ್ನ ಪಕ್ಕದಲ್ಲಿಯೇ ಕೂಡಿಸಿಕೋ. ಹೋಳಿಗೆ ಸಾಕು ಎಂದರೆ ಒತ್ತಾಯ ಬೇಡ, ಇನ್ನೊಂದು ಕೇಳಿದರೆ ಯಾರೂ ಅವಳ ತಟ್ಟೆಯತ್ತ ನೋಡುವುದೂ ಬೇಡ.

ಇಂತು ನಿನ್ನ ಮಗ