ಗಪ್ಪಿ ಮೀನುಗಳಲ್ಲಿ ಕೆಂಪು ಹುಳು: ಮುಲುಂಡ್ ಮೀನು ಸಾಕುವವರ ಗುಂಪಿನ ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ನನ್ನ ತೊಟ್ಟಿಯ ಗಪ್ಪಿಯೊಂದು ಅಲುಗಾಡದೆ ನಿಂತಾಗ ಅದರ ಗುದದ್ವಾರದಿಂದ ಕೆಂಪು ದಾರದಂತಹ ಎಳೆಗಳು ಇಣುಕಿ, ಅದು ಈಜತೊಡಗಿದೊಡನೆ ಒಳಸರಿದುದನ್ನು ನಿನ್ನೆ ಕಂಡೆ. ಇದು ಕ್ಯಾಮಲಾನಸ್ ಎಂಬ ದುಂಡುಹುಳು. ಲಾಡಿಹುಳುವಿಗೆ ಬಳಸುವ ಪ್ರಾಜಿಕ್ವಾಂಟೆಲ್ ಇದಕ್ಕೆ ನಾಟುವುದಿಲ್ಲವಾದ್ದರಿಂದ ದಯವಿಟ್ಟು ಅದನ್ನು ಹಾಕಿ ದಿನ ಕಳೆಯಬೇಡಿ. ಲೆವಾಮಿಸೋಲ್ ಹೈಡ್ರೋಕ್ಲೋರೈಡ್ ಎಂಬ ಔಷಧವನ್ನು ತೊಟ್ಟಿಯ ನೀರಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಬೆರೆಸಿ, ದೀಪ ಆರಿಸಿ, 24 ಗಂಟೆ ಬಿಡಬೇಕು. ಔಷಧವು ಹುಳುವನ್ನು ಮರಗಟ್ಟಿಸಿ ಹೊರಬೀಳಿಸುವುದರಿಂದ, ಮರುದಿನ ತಳದ ಮರಳಿಗೆ ಸೈಫನ್ (ಹೀರುಕೊಳವೆ) ಹಾಕಿ ಬಿದ್ದ ಹುಳುಗಳನ್ನು ತೆಗೆದು, ಅರ್ಧದಷ್ಟು ನೀರು ಬದಲಿಸುವುದು ಔಷಧದಷ್ಟೇ ಮುಖ್ಯ. ಎರಡು-ಮೂರು ವಾರಗಳ ನಂತರ ಇದನ್ನೇ ಪುನರಾವರ್ತಿಸಬೇಕು.

ಅಲ್ಲಿಯವರೆಗೆ ನಾನು ಯಾರಿಗೂ ಮರಿ ಕೊಡುವುದಿಲ್ಲ. ಕಳೆದ ತಿಂಗಳು ನನ್ನಿಂದ ಮರಿ ಒಯ್ದ ಠಾಣೆ, ಡೊಂಬಿವಲಿಯ ಸದಸ್ಯರು ತಮ್ಮ ಮೀನುಗಳನ್ನು ಇಂದೇ ಪರೀಕ್ಷಿಸಬೇಕೆಂದು, ಬಲೆಗಳನ್ನು ಹಂಚಿಕೊಳ್ಳಬಾರದೆಂದು ಕೋರುತ್ತೇನೆ.