‘ನೀರು ಕಡಿಮೆ’ ಎಂದಷ್ಟೇ ಹೇಳಿದರೆ ಸಾಕೇ?

ಮಾನ್ಯರೇ,

34ನೇ ವಾರದ ಸ್ಕ್ಯಾನಿಂಗ್‌ ಮುಗಿಸಿ ನನ್ನ ಮಗಳಿಗೆ ‘ಗರ್ಭದ ನೀರು ಕಡಿಮೆ’ ಎಂದರು. ಅಷ್ಟೇ. ರಾತ್ರಿಯಿಡೀ ಅತ್ತಳು. ಮರುದಿನ ಬೇರೆ ವೈದ್ಯೆ ವರದಿ ಬಿಡಿಸಿ ಹೇಳಿದರು. ಹೊಟ್ಟೆಯ ನಾಲ್ಕು ಭಾಗಗಳಲ್ಲಿ ನೀರಿನ ಆಳ ಅಳೆದು ಕೂಡಿದಾಗ 5 ಸೆಂಟಿಮೀಟರ್‌ ಅಥವಾ ಅದಕ್ಕೂ ಕಡಿಮೆ ಬಂದರೆ, ಇಲ್ಲವೇ ಅತಿ ಆಳದ ಜಾಗದಲ್ಲೇ 2ಕ್ಕಿಂತ ಕಡಿಮೆ ಇದ್ದರೆ ಅದನ್ನು ಕೊರತೆ ಎನ್ನುತ್ತಾರಂತೆ. ಮಗಳದ್ದು ಕೂಡಿದ ಅಳತೆ 6 ಇತ್ತು. ನೀರು ಸೋರುತ್ತಿದೆಯಾ, ಬಿಪಿ ಜಾಸ್ತಿಯಾ, ನೋವಿನ ಮಾತ್ರೆ ನುಂಗಿದ್ದೀಯಾ ಎಂದೆಲ್ಲ ಕೇಳಿದರು. ಮಗುವಿನ ಎದೆಬಡಿತ ನೋಡಿದರು. ಚೆನ್ನಾಗಿ ನೀರು ಕುಡಿ, ಮಗುವಿನ ಓಡಾಟ ಕಡಿಮೆ ಅನಿಸಿದರೆ ಕಾಯಬೇಡ, ತಕ್ಷಣ ಬಾ ಎಂದರು. ಮೂರು ದಿನ ಬಿಟ್ಟು ಮತ್ತೆ ಸ್ಕ್ಯಾನಿಂಗ್‌.

ಈ ಐದು ನಿಮಿಷದ ಮಾತು ಮೊದಲ ದಿನವೇ ಸಿಗಬೇಕಿತ್ತು, ಅಲ್ವಾ? ವರದಿ ಕೊಡುವವರು ದಯವಿಟ್ಟು ಅಂಕಿಯ ಜೊತೆ ಅದರ ಅರ್ಥವನ್ನೂ ಹೇಳಲಿ.

– ಗರ್ಭಿಣಿಯೊಬ್ಬಳ ತಾಯಿ