ಶಿಕ್ಷಕರ ಕೈಗೆ ಯಾವ ಪುಸ್ತಕ ಕೊಡುತ್ತೀರಿ?

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 5 ಬಂತೆಂದರೆ ನಮ್ಮ ಕಡೆ ಶಿಕ್ಷಕರಿಗೆ ಶಾಲು, ಹಾರ, ಜೊತೆಗೊಂದು ಪುಸ್ತಕ ಕೊಡುವ ರೂಢಿ ಇದೆ. ಒಳ್ಳೆಯ ರೂಢಿಯೇ. ಆದರೆ ಆ ಪುಸ್ತಕ ಯಾವುದು ಅಂತ ಒಮ್ಮೆ ತೆರೆದು ನೋಡಿ. ಹೆಚ್ಚಾಗಿ ವ್ಯಕ್ತಿತ್ವ ವಿಕಸನದ್ದು. ಗುರಿ ಇಟ್ಟುಕೊಳ್ಳಿ, ಬೇಗ ಏಳಿ, ನಗುನಗುತ್ತಾ ಇರಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮಕ್ಕಳಿಗೆ ಬಹುಮಾನವಾಗಿ ಕೊಡುವುದೂ ಇದನ್ನೇ, ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಗಳು ಹೇಳುವುದೂ ಇದನ್ನೇ. ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ 'ಶಿಕ್ಷಕರು ಓದಲೇಬೇಕಾದ ಪುಸ್ತಕಗಳು' ಲೇಖನವೂ ಇದೇ ದಾರಿ ಹಿಡಿದಿದ್ದು ನೋಡಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ.

ಆ ಪುಸ್ತಕಗಳು ಕೆಟ್ಟವು ಅಂತ ಹೇಳುತ್ತಿಲ್ಲ. ಯಾರಿಗೋ ಧೈರ್ಯ ಕೊಟ್ಟಿರುತ್ತವೆ, ಕೊಡಲಿ. ನನ್ನ ತಕರಾರು ಬೇರೆ. ನೀನು ಸೋತರೆ ತಪ್ಪು ನಿನ್ನದೇ ಅನ್ನುವ ಮಾತು ಅವುಗಳ ತಳದಲ್ಲಿ ಇದ್ದೇ ಇರುತ್ತದೆ. ಅಪ್ಪ ಅಮ್ಮ ಇಬ್ಬರೂ ಗುಳೆ ಹೋದ ಮನೆಯಲ್ಲಿ ತಂಗಿಯನ್ನು ನೋಡಿಕೊಂಡು, ನೀರು ತಂದು, ಹತ್ತೂವರೆಗೆ ಶಾಲೆಗೆ ಓಡಿ ಬರುವ ಹುಡುಗಿಗೆ ಸಮಯಪಾಲನೆಯ ಬಗ್ಗೆ ಭಾಷಣ ಕೊಟ್ಟರೆ ಅವಳು ಏನಂತ ತಿಳಿಯಬೇಕು? ಅವಳಿಗೆ ಆ ದಿನ ಬೇಕಿದ್ದದ್ದು ಇಷ್ಟೇ. ತಡವಾಗಿ ಬಂದಾಗ ಇಡೀ ತರಗತಿಯ ಮುಂದೆ ಯಾರೂ ಅವಳನ್ನು ನಗೆಪಾಟಲು ಮಾಡಬಾರದಿತ್ತು.

ಇಂಥ ಹುಡುಗಿಯ ಕಡೆಯಿಂದ ಶಾಲೆಯನ್ನು ನೋಡುವ ಪುಸ್ತಕಗಳೂ ಇವೆ. ಅವು ಶಿಕ್ಷಕರ ಕೈಗೆ ಸಿಗುವುದು ಕಡಿಮೆ.

ಮೊದಲು 'ತೊತ್ತೊ-ಚಾನ್' ಬಗ್ಗೆ ಹೇಳುತ್ತೇನೆ, ಬಹಳ ಜನ ಓದಿರುತ್ತಾರೆ. ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಜಪಾನಿನಲ್ಲಿ ಪ್ರಕಟಿಸಿದ ತಮ್ಮ ಬಾಲ್ಯದ ಕಥೆ. ನ್ಯಾಷನಲ್ ಬುಕ್ ಟ್ರಸ್ಟ್ ಕನ್ನಡದಲ್ಲೂ ತಂದಿದೆ. ಹಳೇ ರೈಲು ಡಬ್ಬಿಗಳೇ ತರಗತಿಗಳು, ಮೊದಲ ದಿನ ಹೆಡ್ ಮಾಸ್ಟರ್ ಕೊಬಾಯಾಶಿ ಮಗುವಿನ ಮಾತನ್ನು ನಾಲ್ಕು ಗಂಟೆ ಕೇಳುತ್ತಾ ಕೂತರು, ಇವೆಲ್ಲ ಎಲ್ಲರಿಗೂ ನೆನಪಿರುತ್ತವೆ. ನಮ್ಮ ತರಬೇತಿಗಳಲ್ಲೂ ಈ ರೈಲು ಡಬ್ಬಿ ಬಂದೇ ಬರುತ್ತದೆ, ಎಲ್ಲರೂ ತಲೆ ಆಡಿಸುತ್ತೇವೆ, ಊಟಕ್ಕೆ ಏಳುತ್ತೇವೆ. (ಗೋಡೆಗೆ ರೈಲಿನ ಚಿತ್ರ ಬರೆಸಿದ ಶಾಲೆಗಳೂ ಎಷ್ಟೋ ಇವೆ. ಒಳಗೆ ಬೆತ್ತ ಹಾಗೇ ಇದೆ, ಆ ಮಾತು ಬೇರೆ.)

ನನಗೆ ಆ ಪುಸ್ತಕದಲ್ಲಿ ಮುಖ್ಯ ಅನಿಸುವುದು ಬೇರೊಂದು ಪುಟ. ತಕಹಾಶಿ ಅನ್ನುವ ಹುಡುಗನ ಮೈ ಬೆಳವಣಿಗೆ ನಿಂತುಹೋಗಿರುತ್ತದೆ, ಅವನು ಕುಳ್ಳ. ಮನುಷ್ಯನಿಗೂ ಒಂದು ಕಾಲಕ್ಕೆ ಬಾಲ ಇತ್ತು ಅಂತ ಪಾಠ ಮಾಡುವಾಗ ಟೀಚರು ತಮಾಷೆಗೆ ಅವನ ಕಡೆ ತಿರುಗಿ, ನಿನಗೆ ಇನ್ನೂ ಬಾಲ ಇದೆ ಅಲ್ವಾ ಅನ್ನುತ್ತಾರೆ. ಕೆಟ್ಟ ಉದ್ದೇಶ ಏನೂ ಇಲ್ಲ. ನಾವೆಲ್ಲ ದಿನಾ ಆಡುವಂಥ ಮಾತೇ. ಶಾಲೆ ಬಿಟ್ಟ ಮೇಲೆ ಹೆಡ್ ಮಾಸ್ಟರ್ ಆ ಟೀಚರನ್ನು ಅಡುಗೆಮನೆಗೆ ಕರೆದು, ಆ ಮಾತು ಹುಡುಗನಿಗೆ ಹೇಗೆ ಚುಚ್ಚಿರುತ್ತದೆ ಅಂತ ಯಾಕೆ ಯೋಚಿಸಲಿಲ್ಲ ಎಂದು ತುಂಬ ನೊಂದು ಕೇಳುತ್ತಾರೆ. ತೊತ್ತೊ-ಚಾನ್ ಅದನ್ನು ಅಕಸ್ಮಾತ್ ಕೇಳಿಸಿಕೊಳ್ಳುತ್ತಾಳೆ. ಗಮನಿಸಬೇಕಾದ್ದು ಏನೆಂದರೆ, ಆ ಹೆಡ್ ಮಾಸ್ಟರ್ ಬೈದದ್ದು ಸ್ಟಾಫ್ ರೂಮಿನಲ್ಲಿ ಅಲ್ಲ, ನಾಲ್ಕು ಜನರ ಮುಂದೆ ಅಲ್ಲ. ಮಗುವಿನ ಮಾನದ ಬಗ್ಗೆ ಮಾತಾಡುವಾಗ ಟೀಚರ ಮಾನವನ್ನೂ ಕಾದರು. ನಮ್ಮಲ್ಲಿ ಮೇಲಿನ ಅಧಿಕಾರಿ ಶಾಲೆಗೆ ಬಂದರೆ ಮಕ್ಕಳ ಎದುರೇ ಶಿಕ್ಷಕರನ್ನು ನಿಲ್ಲಿಸಿ ದಬಾಯಿಸುತ್ತಾರೆ. ಸಭೆಯಲ್ಲಿ ಕಡಿಮೆ ಫಲಿತಾಂಶದ ಶಾಲೆಯವರನ್ನು ಎದ್ದು ನಿಲ್ಲಿಸುತ್ತಾರೆ. ಅಲ್ಲಿ ನಿಂತು ಬಂದವರು ಮಾರನೇ ದಿನ ತರಗತಿಯಲ್ಲಿ ಯಾರನ್ನು ನಿಲ್ಲಿಸುತ್ತಾರೆ ಅಂತ ಬಿಡಿಸಿ ಹೇಳಬೇಕೇ? ತೊತ್ತೊ-ಚಾನ್ ಓದಿದ ಆ ತೊಮೊಯೆ ಶಾಲೆ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು.

ಎರಡನೆಯದು ಇಟಲಿಯದು. ಇದನ್ನು ಓದಿದವರು ನಮ್ಮಲ್ಲಿ ಕಡಿಮೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಫ್ಲಾರೆನ್ಸ್ ಹತ್ತಿರದ ಬೆಟ್ಟದ ಮೇಲೆ ಬಾರ್ಬಿಯಾನಾ ಅಂತ ಒಂದು ಹಳ್ಳಿ, ಹಳ್ಳಿ ಅನ್ನುವುದಕ್ಕಿಂತ ಚದುರಿದ ನಾಲ್ಕಾರು ಮನೆಗಳು. ಲೊರೆಂಜೊ ಮಿಲಾನಿ ಅನ್ನುವ ಪಾದ್ರಿಯ ರೀತಿ ಚರ್ಚಿನ ಮೇಲಿನವರಿಗೆ ಹಿಡಿಸದೆ, 1954ರ ಡಿಸೆಂಬರಿನಲ್ಲಿ ಅವರನ್ನು ಅಲ್ಲಿಗೆ ಹಾಕಿದರು. ನಮ್ಮ ಭಾಷೆಯಲ್ಲಿ ನೀರು ನೆರಳಿಲ್ಲದ ಕಡೆ ಎತ್ತಂಗಡಿ. ರಸ್ತೆ ಇಲ್ಲ, ಕರೆಂಟ್ ಇಲ್ಲ. ಅಲ್ಲಿನ ರೈತರ ಮಕ್ಕಳು ಕೆಳಗಿನ ಶಾಲೆಗಳಲ್ಲಿ ಫೇಲಾಗಿ ದನ ಕುರಿ ಕಾಯಲು ವಾಪಸ್ ಬಂದವರು. ಮಿಲಾನಿ ಅವರನ್ನೇ ಸೇರಿಸಿ ಶಾಲೆ ಮಾಡಿದರು. ದಿನವಿಡೀ ಶಾಲೆ, ಭಾನುವಾರವೂ ಶಾಲೆ. ದೊಡ್ಡವರು ಚಿಕ್ಕವರಿಗೆ ಕಲಿಸಬೇಕು. ಒಬ್ಬನಿಗೆ ಅರ್ಥ ಆಗುವವರೆಗೆ ಪಾಠ ಮುಂದೆ ಹೋಗುತ್ತಿರಲಿಲ್ಲ. ದಿನಾ ಎಲ್ಲರೂ ಸೇರಿ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು, ತಿಳಿಯದ ಮಾತು ಬಂದರೆ ಅಲ್ಲೇ ನಿಂತು ಬಿಡಿಸಿಕೊಳ್ಳಬೇಕು.

ಈ ಶಾಲೆಯ ಎಂಟು ಹುಡುಗರು ಸೇರಿ 1967ರಲ್ಲಿ ಒಂದು ಪುಸ್ತಕ ಬರೆದರು. ಹೆಸರು 'ಶಿಕ್ಷಕಿಗೊಂದು ಪತ್ರ'. ತಮ್ಮವರನ್ನು ಫೇಲು ಮಾಡಿದ ಟೀಚರಿಗೆ ಬರೆದ ಪತ್ರ ಅದು. ನಿಮಗೆ ನನ್ನ ಹೆಸರೂ ನೆನಪಿರಲಿಕ್ಕಿಲ್ಲ, ಎಷ್ಟೊಂದು ಜನರನ್ನು ಫೇಲು ಮಾಡಿದ್ದೀರಿ ಅನ್ನುವಂತೆ ಶುರುವಾಗುತ್ತದೆ. ಬರೆದ ರೀತಿಯೂ ಚೆನ್ನಾಗಿದೆ. ಒಬ್ಬೊಬ್ಬರೂ ತಮಗೆ ಹೊಳೆದದ್ದನ್ನು ಚೀಟಿಯಲ್ಲಿ ಬರೆಯುವುದು, ಆ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಜೋಡಿಸುವುದು, ಬೇಡದ ಮಾತನ್ನು ಎಲ್ಲರೂ ಸೇರಿ ಕಿತ್ತು ಹಾಕುವುದು. ಬರೀ ಸಿಟ್ಟು ಕಾರಿಕೊಂಡಿಲ್ಲ. ಸರ್ಕಾರದ ಅಂಕಿಅಂಶ ತೆಗೆದು, ಫೇಲಾಗುವವರು ಯಾರ ಮಕ್ಕಳು, ಪಾಸಾಗುವವರು ಯಾರ ಮಕ್ಕಳು ಅಂತ ಲೆಕ್ಕ ಹಾಕಿ ತೋರಿಸಿದ್ದಾರೆ. 1962ರ ಕಾನೂನು ಎಲ್ಲ ಮಕ್ಕಳಿಗೂ ಒಂದೇ ಬಗೆಯ ಮಾಧ್ಯಮಿಕ ಶಾಲೆ ಅಂದಿತ್ತು, ಆದರೆ ಬಡವರ ಮಕ್ಕಳು ಮಾತ್ರ ನಡುವೆಯೇ ಉದುರುತ್ತಿದ್ದರು. ಇಂಥ ಶಾಲೆ ಆರೋಗ್ಯವಂತರಿಗೆ ಔಷಧ ಕೊಟ್ಟು ರೋಗಿಗಳನ್ನು ಹೊರಗೆ ಕಳಿಸುವ ಆಸ್ಪತ್ರೆ ಅನ್ನುತ್ತಾರೆ ಆ ಹುಡುಗರು. ಪುಸ್ತಕ ಬಂದ ಕೆಲವೇ ವಾರಕ್ಕೆ ಮಿಲಾನಿ ತೀರಿಕೊಂಡರು, ವಯಸ್ಸು 44.

ಇದನ್ನು ನಮ್ಮ ರಾಜ್ಯದ ಐದು, ಎಂಟು, ಒಂಬತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಗಲಾಟೆಯ ಜೊತೆ ಇಟ್ಟು ಓದಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಮಗುವನ್ನು ಅದೇ ತರಗತಿಯಲ್ಲಿ ಉಳಿಸಬಾರದು ಅಂದಿತ್ತು. 2019ರ ತಿದ್ದುಪಡಿ ಐದು ಮತ್ತು ಎಂಟರಲ್ಲಿ ಅದನ್ನು ಸಡಿಲ ಮಾಡಿತು. ನಮ್ಮಲ್ಲಿ ಪರೀಕ್ಷೆ ಬೇಕು ಬೇಡ ಅಂತ ಕೋರ್ಟಿನಿಂದ ಕೋರ್ಟಿಗೆ ಹೋಗಿ, 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ನನ್ನ ಸಹೋದ್ಯೋಗಿಗಳಲ್ಲೇ ಬಹಳ ಜನ ಫೇಲು ಮಾಡದಿದ್ದರೆ ಮಕ್ಕಳು ಓದಲ್ಲ ಅನ್ನುತ್ತಾರೆ. ಒಂಬತ್ತಕ್ಕೆ ಬಂದರೂ ಕೂಡಿಸುವುದು ಕಳೆಯುವುದು ಬಾರದ ಮಗುವನ್ನು ನೋಡಿದ ಯಾರಿಗಾದರೂ ಆ ಸಂಕಟ ಅರ್ಥವಾಗುತ್ತದೆ, ನನಗೂ ಆಗುತ್ತದೆ. ಆದರೆ ಬಾರ್ಬಿಯಾನಾದ ಹುಡುಗರು ಪರೀಕ್ಷೆ ತೆಗೆದು ಕೈತೊಳೆದುಕೊಳ್ಳಿ ಅಂತ ಹೇಳಿಲ್ಲ. ಫೇಲು ಮಾಡಬೇಡಿ, ಹಿಂದೆ ಬಿದ್ದವರಿಗೆ ಇಡೀ ದಿನ ಶಾಲೆ ಕೊಡಿ, ಸೋಮಾರಿ ಅಂತ ನೀವು ಕರೆಯುವವರಿಗೆ ಒಂದು ಗುರಿ ತೋರಿಸಿ ಅಂತ ಕೇಳಿದರು. ನಾವು ಮೊದಲನೆಯದನ್ನು ಮಾತ್ರ ಮಾಡಿದೆವು. ಉಳಿದ ಎರಡಕ್ಕೆ ದುಡ್ಡು ಬೇಕು, ಶಿಕ್ಷಕರು ಬೇಕು. ಅತಿಥಿ ಶಿಕ್ಷಕರನ್ನು ನೆಚ್ಚಿಕೊಂಡು, ಇದ್ದವರನ್ನು ಗಣತಿ, ಚುನಾವಣೆ, ಮೊಟ್ಟೆ ಲೆಕ್ಕಕ್ಕೆ ಕಳಿಸಿ ಅದು ಆಗುವ ಕೆಲಸವಲ್ಲ.

ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ವನ್ನೂ ಸೇರಿಸಬೇಕು. ವಕೀಲಿ ಬಿಟ್ಟು ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ಅನ್ನುವ ಪುಟ್ಟ ಮಕ್ಕಳ ಶಾಲೆ ಶುರು ಮಾಡಿದವರು, ಗುಜರಾತಿಯಲ್ಲಿ 1932ರಲ್ಲಿ ಇದನ್ನು ಬರೆದರು. ಇದರ ಮೇಷ್ಟ್ರು ಮೊದಲ ದಿನ ಮೌನದ ಆಟ ಆಡಿಸಲು ಹೋಗಿ ಪೂರ್ತಿ ಸೋಲುತ್ತಾನೆ, ಮಕ್ಕಳು ಗದ್ದಲ ಎಬ್ಬಿಸುತ್ತವೆ. ಅವನು ಆದರ್ಶ ಗುರು ಅಲ್ಲ, ನಮ್ಮ ನಿಮ್ಮಂಥವನು. ಮಾರನೇ ದಿನ ಕಥೆ ಹೇಳುತ್ತಾನೆ, ಅಲ್ಲಿಂದ ದಾರಿ ಸಿಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದಕ್ಕಿಂತ ಧೈರ್ಯ ಕೊಡುವ ಪುಸ್ತಕ ಬೇರೆ ಬೇಡ.

ಮಾನ ಅಂದ ಮೇಲೆ ಜಾತಿಯ ಮಾತು ಬಿಟ್ಟು ಹೋಗಲಾಗದು. ಅಂಬೇಡ್ಕರ್ ತಮ್ಮ ಆತ್ಮಕಥನದ ಪುಟಗಳಲ್ಲಿ ಶಾಲೆಯ ದಿನಗಳ ಬಗ್ಗೆ ಬರೆದಿದ್ದಾರೆ. ಕೂರಲು ಮನೆಯಿಂದ ಗೋಣಿತಟ್ಟು ತರಬೇಕು, ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲ. ಅದು ನೂರು ವರ್ಷದ ಹಿಂದಿನ ಮಾತು ಅನ್ನುವವರಿಗೆ, 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿಯನ್ನು ನೆನಪಿಸಬೇಕಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 'ಛಡಿ ಛಂ ಛಂ, ವಿದ್ಯಾ ಘಂ ಘಂ' ಅಂತ ಹಾಡಿಕೊಂಡು ಬೆಳೆದವರು ನಾವು. ಛಡಿ ಒಂದಿಷ್ಟು ಕಡಿಮೆ ಆಗಿದೆ, ನಾಲಿಗೆ ಕಡಿಮೆ ಆಗಿಲ್ಲ. ದಡ್ಡ, ಕೋಣ, ನಿಮ್ಮಪ್ಪನ ಹಾಗೆ ಕೂಲಿಗೆ ಹೋಗು. ಇವಕ್ಕೆ ಯಾವ ಬಿಇಒ ನೋಟಿಸ್ ಕೊಟ್ಟಿದ್ದನ್ನೂ ನಾನು ಕಂಡಿಲ್ಲ.

ಕೇಳುವುದು ಎರಡೇ. ಸಮಗ್ರ ಶಿಕ್ಷಣ ಯೋಜನೆಯಡಿ ಶಾಲಾ ಗ್ರಂಥಾಲಯಕ್ಕೆ ಅನುದಾನ ಬರುತ್ತದೆ. ಅದರಲ್ಲಿ ಏನು ಕೊಳ್ಳಬೇಕು ಅಂತ ಮೇಲಿನಿಂದ ಪಟ್ಟಿ ಬರುವ ಬದಲು, ಇಂಥ ನಾಲ್ಕು ಪುಸ್ತಕಗಳ ಒಂದೊಂದು ಪ್ರತಿ ಸ್ಟಾಫ್ ರೂಮಿಗೇ ಇಡಲು ಬಿಡಲಿ, ತಿಂಗಳ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವ ಬದಲು ಅರ್ಧ ಗಂಟೆ ಒಂದು ಅಧ್ಯಾಯ ಓದಿ ಜಗಳ ಆಡಲಿ. ಇಟಲಿಯ ಆ ಪತ್ರ ಕನ್ನಡದಲ್ಲಿ ಸುಲಭವಾಗಿ ಸಿಗುವ ಹಾಗೆ ನಮ್ಮ ಪ್ರಕಾಶಕರು ಮಾಡಿದರೆ ದೊಡ್ಡ ಉಪಕಾರ.

ಇನ್ನೊಂದು ನಿಮ್ಮ ಕೈಲಿರುವ ಕೆಲಸ. ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೇ ದಿನ ಮುಖಪುಟದಲ್ಲಿ 625ಕ್ಕೆ 625 ತೆಗೆದವರ ಫೋಟೊ ಹಾಕುತ್ತೀರಿ, ಹಾಕಿ, ಆ ಮಕ್ಕಳೂ ಕಷ್ಟಪಟ್ಟಿರುತ್ತಾರೆ. ಅದೇ ವಾರ ಒಳಪುಟದಲ್ಲಿ ಅರ್ಧ ಪುಟ ಜಾಗವನ್ನು ಪಾಸಾಗದ ಮಕ್ಕಳಿಗೆ ಕೊಡಿ. ಹೆಸರು ಬೇಡ, ಫೋಟೊ ಬೇಡ, ಶಾಲೆಯ ಹೆಸರೂ ಬೇಡ. ಚೀಟಿ ಹರಡಿಕೊಂಡು ಎಂಟು ಹತ್ತು ಮಕ್ಕಳು ಸೇರಿ ತಮ್ಮ ಶಿಕ್ಷಕರಿಗೆ ಒಂದು ಪತ್ರ ಬರೆಯಲಿ, ಕಾಗುಣಿತ ತಪ್ಪಿದ್ದರೆ ನಿಮ್ಮಲ್ಲಿ ತಿದ್ದುವವರು ಇದ್ದೇ ಇದ್ದಾರೆ. ನಮ್ಮ ಶಾಲೆಯಿಂದ ಮೊದಲ ಪತ್ರ ಕಳಿಸಲು ನಾನು ತಯಾರಿದ್ದೇನೆ, ಅದು ನನ್ನ ಮೇಲೇ ಬರೆದದ್ದಾದರೂ ಸರಿ.

ಇಂತಿ,
ಒಬ್ಬ ಹೈಸ್ಕೂಲ್ ಶಿಕ್ಷಕಿ, ಹಾವೇರಿ ಜಿಲ್ಲೆ